ಪಂಕ್ತಿ ಒಂದು, ಹಸಿವು ಹಲವು

ಮಠದ ದಾಸೋಹದಲ್ಲಿ ಪಂಕ್ತಿಭೇದವಿಲ್ಲ. ಆದರೂ ಬಡಿಸುವವರು ಎಲ್ಲರಿಗೂ ಒಂದೇ ಅಳತೆಯಲ್ಲಿ ಬಡಿಸುವುದಿಲ್ಲ. ಉಣ್ಣುವವರ ಹಸಿವನ್ನರಿತು ಬಡಿಸುತ್ತಾರೆ. ಅನ್ನದ ವಿಷಯದಲ್ಲಿ ನಮಗಿರುವ ಈ ವಿವೇಕವು ಅಕ್ಷರದ ವಿಷಯದಲ್ಲಿ ಮರೆಯಾಗಿರುವುದು ಸೋಜಿಗವೇ ಸರಿ. ತರಗತಿಯ ಅರುವತ್ತು ಮಕ್ಕಳಿಗೂ ಒಂದೇ ವೇಗ, ಒಂದೇ ಪ್ರಶ್ನೆ, ಒಂದೇ ಬಗೆಯ ಉತ್ತರ. ಇದು ಸಮಾನತೆಯಲ್ಲ, ಸಮಾನತೆಯ ಆಭಾಸ.

ಕಲಿಯುವವನ ನೆಲೆಯನ್ನರಿತು ಬೋಧಿಸುವುದು ನಮ್ಮ ಪರಂಪರೆಗೆ ಹೊಸತಲ್ಲ. ಷಟ್‌ಸ್ಥಲ ಸಿದ್ಧಾಂತವು ಭಕ್ತಸ್ಥಲದಿಂದ ಐಕ್ಯಸ್ಥಲದವರೆಗೆ ಆರು ಮೆಟ್ಟಿಲುಗಳನ್ನು ಕಟ್ಟಿಕೊಟ್ಟಿದೆ. ಅಂಬಿಗರ ಚೌಡಯ್ಯನವರಂತಹ ಶರಣರು ತಮ್ಮ ಕಾಯಕದ ನುಡಿಯಲ್ಲಿಯೇ ಅನುಭಾವವನ್ನು ಹೇಳಿದರು. ನಮ್ಮ ಕಾಲದಲ್ಲಿಯೂ ನಿದರ್ಶನವುಂಟು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಮೊದಲಾದ ನಲಿ-ಕಲಿ ಪದ್ಧತಿಯಲ್ಲಿ ಪಾಠವನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಲಾಯಿತು. ಕೆಲದಿನ ಶಾಲೆ ತಪ್ಪಿಸಿದ ಮಗು ಮರಳಿ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದಾಗಿತ್ತು.

ಪ್ರೌಢಶಾಲೆಯ ಕನ್ನಡ ತರಗತಿಯಲ್ಲಿ ಇದು ಸಾಧ್ಯವೇ ಎಂದು ಕೇಳಬಹುದು. ಒಂದು ಷಟ್ಪದಿಯ ಪಾಠವನ್ನೇ ತೆಗೆದುಕೊಳ್ಳೋಣ. ಒಬ್ಬನು ಅದನ್ನು ರಾಗವಾಗಿ ವಾಚಿಸಲಿ. ಒಬ್ಬಳು ಗದ್ಯರೂಪದಲ್ಲಿ ಬರೆಯಲಿ. ಮತ್ತೊಬ್ಬನು ಸಂಭಾಷಣೆಯನ್ನಾಗಿಸಿ ಅಭಿನಯಿಸಲಿ. ಆದರೆ ಪದ್ಯದ ಅನ್ವಯವೂ ತಾತ್ಪರ್ಯವೂ ಮೂವರಿಗೂ ತಿಳಿದಿರಲೇಬೇಕು. ಆಯ್ಕೆಯು ದಾರಿಗೆ ಸಂಬಂಧಿಸಿದ್ದು, ಗುರಿಗಲ್ಲ. ಸ್ವಾತಂತ್ರ್ಯ ಕೊಟ್ಟರೆ ಮಕ್ಕಳು ಸುಲಭವಾದುದನ್ನೇ ಆರಿಸಿಕೊಳ್ಳುವರೆಂಬ ಆಕ್ಷೇಪಣೆಗೆ ಇದೇ ಸಮಾಧಾನ.

ಇನ್ನು, ಕೆಲವು ಮಕ್ಕಳಿಗೆ ಅಕ್ಷರವೇ ತೊಡಕಾಗುತ್ತದೆ. ಮಾತಿನಲ್ಲಿ ಚುರುಕಾದ ಮಗು ಬರೆಯುವಾಗ ಒತ್ತಕ್ಷರ ಬಿಡುತ್ತದೆ, ಸಾಲು ತಪ್ಪುತ್ತದೆ. ಇಂತಹ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಗುರುತಿಸಿದೆ. ಆ ಮಗುವನ್ನು ದಡ್ಡನೆಂದು ಹಿಂದಿನ ಬೆಂಚಿಗೆ ಕಳುಹಿಸುವವರು ಇಂದು ತಿಳಿಯದೆ ಮಾಡಿದೆವೆಂದು ಹೇಳುವಂತಿಲ್ಲ.

ಆದರೆ ಒಬ್ಬರೇ ಉಪಾಧ್ಯಾಯರು ಅರುವತ್ತು ಮಕ್ಕಳ ನಡುವೆ ಇದೆಲ್ಲವನ್ನೂ ನಿರ್ವಹಿಸುವುದು ಕಷ್ಟವೆಂಬುದು ನಿಜ. ಆದಕಾರಣ ದಾನಿಗಳಲ್ಲಿ ಒಂದು ಬಿನ್ನಹ. ಪ್ರಥಮ ಸ್ಥಾನ ಪಡೆದವರಿಗೆ ಪದಕಗಳನ್ನಿತ್ತು ಹರಸುವುದು ಉಚಿತವೇ; ಅದು ನಡೆಯಲಿ. ಅದರೊಡನೆ, ಓದಿನಲ್ಲಿ ಹಿಂದುಳಿದವರಿಗಾಗಿಯೇ ಇನ್ನೊಬ್ಬ ಉಪಾಧ್ಯಾಯರನ್ನು ನೇಮಿಸಿಕೊಳ್ಳಲು ಒಂದು ದತ್ತಿನಿಧಿಯೂ ಸ್ಥಾಪಿತವಾಗಲಿ. ಹಳೆಯ ವಿದ್ಯಾರ್ಥಿಗಳು ವಾರಕ್ಕೊಂದು ಸಂಜೆಯನ್ನು ಈ ಮಕ್ಕಳಿಗಾಗಿ ಮೀಸಲಿಡಲಿ. ಶಾಲೆಯ ಕೀರ್ತಿಯನ್ನು ಮೊದಲಿಗನಾಗಿ ಬಂದವನಿಂದ ಅಳೆಯುವ ನಾವು, ನಡುವೆಯೇ ಶಾಲೆ ಬಿಟ್ಟು ಹೋದವನನ್ನೂ ಆ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.