ಶೋಕೇಸಿನ ಮೇಲಿನ ಬಾಟಲಿ

ವಾಕಡ್, ಬಾಣೇರ್, ಖರಾಡಿ, ಎಲ್ಲಿಗೇ ಹೋಗಿ. ನಮ್ಮ ಕನ್ನಡದ ಗೆಳೆಯರ ಹಾಲಿನಲ್ಲಿ ಟಿವಿ ಪಕ್ಕ ಒಂದು ಶೋಕೇಸ್. ಅದರ ಮೇಲೆ ಚನ್ನಪಟ್ಟಣದ ಗೊಂಬೆ, ಮಗನ ಕರಾಟೆ ಟ್ರೋಫಿ, ನಡುವೆ ನೆಟ್ಟಗೆ ನಿಂತ ವೈನ್ ಬಾಟಲಿಗಳು. ಲೇಬಲ್ ಬಂದವರ ಕಡೆಗೆ. ಮೇಲೊಂದು ಎಲ್‌ಇಡಿ ದೀಪ ಬೇರೆ. "ನಾಲ್ಕು ವರ್ಷದ್ದು, ಇನ್ನೂ ಹಳೇದಾಗಲಿ ಅಂತ ಬಿಟ್ಟಿದ್ದೀನಿ" ಅನ್ನುತ್ತಾರೆ. ಇಷ್ಟು ದಿನ ತಲೆಯಾಡಿಸುತ್ತಿದ್ದೆ, ಇನ್ನು ಆಡಿಸುವುದಿಲ್ಲ. ಅದು ಹಳೆಯದಾಗುತ್ತಿಲ್ಲ ಸ್ವಾಮಿ, ಬೇಯುತ್ತಿದೆ.

ವೈನಿಗೆ ಬೇಕಾದದ್ದು 12-13 ಡಿಗ್ರಿಯ ತಂಪು, ಕತ್ತಲೆ, ಅಲುಗದ ಜಾಗ. ಪುಣೆಯ ಏಪ್ರಿಲ್ ಕೊಡುವುದು 40 ಡಿಗ್ರಿ. ಹಗಲ ಬಿಸಿಗೆ ವೈನ್ ಹಿಗ್ಗಿ ಕಾರ್ಕನ್ನು ತಳ್ಳುತ್ತದೆ, ರಾತ್ರಿ ಕುಗ್ಗಿ ಗಾಳಿ ಎಳೆದುಕೊಳ್ಳುತ್ತದೆ. ವರ್ಷಗಟ್ಟಲೆ ನೆಟ್ಟಗೆ ನಿಲ್ಲಿಸಿದರೆ ಕಾರ್ಕ್ ಒಣಗುತ್ತದೆ, ಮಲಗಿಸಿದರೆ ಒದ್ದೆಯಾಗಿ ಬಿಗಿಯಾಗಿರುತ್ತದೆ. ತಿರುಗಿಸುವ ಮುಚ್ಚಳದ ಬಾಟಲಿಗೆ ಈ ಕಾಟವಿಲ್ಲ, ಬಿಸಿಲಿನ ಕಾಟ ಅದಕ್ಕೂ ಇದೆ. ಜಾಗವಿಲ್ಲವೆಂದು ಫ್ರಿಜ್ಜಿನ ಮೇಲೆ ಇಡುವವರು ಬಿಸಿ, ನಡುಕ ಎರಡನ್ನೂ ಒಟ್ಟಿಗೆ ಕೊಡುತ್ತಾರೆ.

ನಾನೇನು ಕಡಿಮೆಯವನಲ್ಲ. ಎಂಟೆಕ್‌ನಲ್ಲಿ ಉಷ್ಣ ವರ್ಗಾವಣೆ ಓದಿದವನು, ಸರ್ವರ್ ರೂಮಿನ ಎಸಿ ಅರ್ಧ ಗಂಟೆ ನಿಂತರೆ ಎಸ್ಕಲೇಷನ್ ಮೇಲ್ ಕಳಿಸುವವನು. 2015ರಲ್ಲಿ ನನ್ನ ರೂಮ್‌ಮೇಟ್ ಜರ್ಮನಿಗೆ ಹೊರಟ. ಧಾರವಾಡದವನು. ಓಕ್ ಪೀಪಾಯಿಯಲ್ಲಿ ಮಾಗಿಸಿದ ಒಳ್ಳೆಯ ಕೆಂಪು ವೈನ್ ಕೈಗಿಟ್ಟು "ನಾ ವಾಪಸ್ ಬಂದಾಗ ಕೂಡಿ ತಗಿಯೂಣು ದೋಸ್ತ" ಅಂದ. ನಾನದನ್ನು ಪಶ್ಚಿಮದ ಕಿಟಕಿಯ ಎದುರು ಮೆರವಣಿಗೆಗೆ ನಿಲ್ಲಿಸಿದೆ. 8 ಬೇಸಿಗೆ. 2023ರಲ್ಲಿ ಅವನು ಬಂದ, ತಲೆ ಪೂರ್ತಿ ಬೆಳ್ಳಗಾಗಿತ್ತು. ತೆರೆದರೆ ಕಾರ್ಕ್ ಪುಡಿಪುಡಿ, ವೈನ್ ಇಟ್ಟಿಗೆ ಬಣ್ಣ, ವಾಸನೆ ಸೀದ ಜಾಮಿನದು. ಅವನು ಅರ್ಧ ಗ್ಲಾಸ್ ಮಾತಿಲ್ಲದೆ ಕುಡಿದ. ಬೈದಿದ್ದರೆ ಚೆನ್ನಾಗಿತ್ತು.

ನಮಗೆ ಗೊತ್ತಿಲ್ಲದ ವಿದ್ಯೆಯೇ ಇದು? ನಮ್ಮ ಅಜ್ಜಿ ಉಪ್ಪಿನಕಾಯಿ ಜಾಡಿಯನ್ನು ಪಡಸಾಲೆಯಲ್ಲಿ ಇಟ್ಟವಳಲ್ಲ. ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಒಳಗಿನ ಕತ್ತಲೆ ಕೋಣೆಯ ಮೂಲೆಗೆ ಸೇರಿಸುತ್ತಿದ್ದಳು. ಮುಟ್ಟಿದರೆ ಕೈಗೆ ಏಟು. ತಿನ್ನುವ ವಸ್ತುವನ್ನು ತೋರಿಸಲು ಇಡುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ನಾವು ಊರು ಬಿಟ್ಟು ಬಂದು ಮೂರು ಬೆಡ್‌ರೂಮಿನ ಸಾಲ ತೆಗೆದ ಮೇಲೆ ತೋರಿಸುವುದೇ ಮುಖ್ಯವಾಯಿತು. ಬಂದವರಿಗೆ ನಾವು ಎಲ್ಲಿಗೆ ತಲುಪಿದ್ದೇವೆ ಅಂತ ಹೇಳಲು ಬಾಟಲಿ ಬೇಕು. ಕುಡಿಯಲು ಅಲ್ಲ.

ಇನ್ನೊಂದು ಪಂಗಡ ವೈನ್ ಫ್ರಿಜ್ ಕೊಳ್ಳುತ್ತದೆ. ತಪ್ಪೇನಿಲ್ಲ, ಆದರೆ ಒಳಗೆ ಇಡುವುದೇನು? ನಾಸಿಕದಿಂದಲೋ ನಂದಿ ಬೆಟ್ಟದ ತಪ್ಪಲಿನಿಂದಲೋ ನಮ್ಮ ಅಂಗಡಿಗೆ ಬರುವ ಬಹುಪಾಲು ವೈನ್ ಒಂದೆರಡು ವರ್ಷದೊಳಗೆ ಕುಡಿಯಲೆಂದೇ ಮಾಡಿದ್ದು. ಬಿಳಿ ವೈನಂತೂ ಇನ್ನೂ ಬೇಗ. ಅಕಲೂಜಿನ ಫ್ರಾಟೆಲ್ಲಿಯವರ 'ಸೆಟ್ಟೆ'ಯಂಥ ಕೆಲವು ಕೆಂಪು ವೈನ್ ಮಾತ್ರ ವರ್ಷಗಟ್ಟಲೆ ಕಾಯಬಲ್ಲವು. 'ಹಳೆಯದಾದಷ್ಟೂ ರುಚಿ' ಅನ್ನುವುದು ಅಂಥವಕ್ಕೆ, ಅದೂ ತಂಪಿನಲ್ಲಿಟ್ಟರೆ. ಐನೂರು ರೂಪಾಯಿಯ ಬಾಟಲಿಗೆ ಇಪ್ಪತ್ತು ಸಾವಿರದ ಪೆಟ್ಟಿಗೆ!

ನನ್ನ ಮನೆಯಲ್ಲಿ ಈಗ ಶೋಕೇಸಿನ ಮೇಲೆ ಗೊಂಬೆ ಮಾತ್ರ. ಬಾಟಲಿಗಳು ಉತ್ತರದ ಗೋಡೆಯ ಬೀರುವಿನ ತಳದ ಖಾನೆಯಲ್ಲಿ, ಹಳೆ ಪೇಪರ್ ಸುತ್ತಿಕೊಂಡು ಅಡ್ಡ ಮಲಗಿವೆ. ಕೊಂಡ ತಿಂಗಳನ್ನು ಮಾರ್ಕರ್‌ನಲ್ಲಿ ಬರೆದಿದ್ದೇನೆ. ಮೇ ತಿಂಗಳಲ್ಲಿ ಅಲ್ಲೂ ಸೆಖೆಯೇ. ಅದಕ್ಕೇ ಮಾರ್ಚ್ ಒಳಗೆ ಗೆಳೆಯರನ್ನು ಕರೆದು ಮುಗಿಸುತ್ತೇನೆ, ಉಳಿದ ಒಂದೆರಡು ಫ್ರಿಜ್ಜಿನಲ್ಲಿ ಸೊಪ್ಪು, ಮೂಲಂಗಿಯ ಜತೆ ಬೇಸಿಗೆ ಕಳೆಯುತ್ತವೆ. ತೆರೆದದ್ದಕ್ಕೆ ಮುಚ್ಚಳ ಹಾಕಿ ಅಲ್ಲೇ ಇಟ್ಟರೆ ಮೂರು ನಾಲ್ಕು ದಿನ. ಆಮೇಲೆ ಮಟನ್ ಸಾರಿಗೆ.

ಕಳೆದ ಸಲ ಗೆಳೆಯ ಬಂದಾಗ ಹೊರಡುವ ಹಿಂದಿನ ರಾತ್ರಿ ಮತ್ತೊಂದು ಬಾಟಲಿ ತಂದ. "ಇದನ್ನರ ನೆಟ್ಟಗ ಇಡು" ಅಂದ. ಸ್ಕ್ರೂ ತಂದು ಅವನ ಕೈಗೇ ಕೊಟ್ಟೆ.