ಲೆಕ್ಕ ನಮ್ಮದು, ಬೀಗದ ಕೈ ಯಾರದು?

ಕಂಪ್ಯೂಟರ್ ಬಂದ ಕೂಡಲೇ ಸಣ್ಣ ವ್ಯಾಪಾರಿಯ ಉದ್ಧಾರವಾಯಿತೆಂದು ನಂಬುವವರಿದ್ದಾರೆ. ಅದು ಬಂದದ್ದೇ ತಪ್ಪೆಂದು ಹಳಹಳಿಸುವವರೂ ಇದ್ದಾರೆ. ಇಬ್ಬರ ಮಾತಿಗೂ ನಮ್ಮ ಒಪ್ಪಿಗೆಯಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಅದು ಯಾರ ಅಗತ್ಯಕ್ಕಾಗಿ ಬಂತು, ಯಾರ ಭಾಷೆಯಲ್ಲಿ ಬಂತು?

ಸಾಗರದ ಪೇಟೆಯನ್ನೇ ನೋಡಿ. ಇಲ್ಲಿನ ಅಡಿಕೆ ವ್ಯಾಪಾರಿ ರಾಶಿ, ಚಾಲಿ, ಬಿಳಿಗೋಟು, ಕೆಂಪುಗೋಟು, ಸಿಪ್ಪೆಗೋಟು, ಕೋಕಾ ಎಂದು ಮಾಲನ್ನು ನೋಡಿದೊಡನೆ ಹೇಳಬಲ್ಲ. ಖಾತೆ ಪುಸ್ತಕ ತಾನೇ ಬರೆದು, ಯಾವ ಬೆಳೆಗಾರನಿಗೆ ಎಷ್ಟು ಮುಂಗಡ ಹೋಗಿದೆಯೆಂದು ಬಾಯಲ್ಲೇ ಒಪ್ಪಿಸಬಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಬಂತು. ಅವನ ಆರು ಬಗೆಯ ಅಡಿಕೆಯೂ ತೆರಿಗೆ ಪಟ್ಟಿಯಲ್ಲಿ 0802 ಎಂಬ ಒಂದೇ ಸಂಖ್ಯೆಯಾಯಿತು. ಬಾದಾಮಿ, ಅಕ್ರೋಟುಗಳೂ ಅದರಡಿಯಲ್ಲೇ. 2018ರ ಏಪ್ರಿಲ್ 1ರಿಂದ 50,000 ರೂಪಾಯಿ ಮೀರಿದ ಮಾಲು ಲಾರಿಯೇರಲು ಇ-ವೇ ಬಿಲ್ ಬೇಕಾಯಿತು. ರಾಜ್ಯದೊಳಗಿನ ಸಾಗಣೆಗೂ ಮೊದಲ ದಿನದಿಂದಲೇ ಅದನ್ನು ಜಾರಿಗೊಳಿಸಿದ್ದು ಕರ್ನಾಟಕ.

ಪರಿಣಾಮವೇನು? ಎಷ್ಟೋ ಅಂಗಡಿಗಳಿಗೆ ಕಂಪ್ಯೂಟರ್ ಬರಲಿಲ್ಲ. ಲೆಕ್ಕವೇ ಅಂಗಡಿ ಬಿಟ್ಟು ಹೋಯಿತು. ಪಾಸ್‌ವರ್ಡ್ ತೆರಿಗೆ ಸಲಹೆಗಾರರ ಬಳಿ ಉಳಿಯಿತು. ಅವರು ಫೋನ್ ಮಾಡಿದಾಗ ಒಟಿಪಿ ಓದಿ ಹೇಳುವುದಷ್ಟೇ ಮಾಲಕನ ಕೆಲಸ. ತನ್ನ ವ್ಯಾಪಾರದ ಲೆಕ್ಕವನ್ನು ತಾನೇ ಓದಲಾರದವನು ಮಾಲಕ ಹೇಗಾದಾನು?

ಇದು ವ್ಯಾಪಾರಿಯ ಸೋಮಾರಿತನ ಎನ್ನುವವರಿಗೆ ಒಂದು ಮಾತು. ಅದೇ ವ್ಯಾಪಾರಿ ಗಲ್ಲಾಪೆಟ್ಟಿಗೆಯ ಪಕ್ಕ ಕ್ಯೂಆರ್ ಪಟ್ಟಿ ಇಟ್ಟ. ಯಾರೂ ಬಲವಂತ ಮಾಡಲಿಲ್ಲ. ಅದರಿಂದ ತನಗೆ ಉಪಯೋಗವಿದೆಯೆಂದು ಕಂಡುಕೊಂಡ. ಆದರೆ 2025ರ ಜುಲೈನಲ್ಲಿ ಯುಪಿಐ ಜಮೆಯ ಆಧಾರದಲ್ಲಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸುಗಳು ಬಂದಾಗ ಹಲವರು ಆ ಪಟ್ಟಿಯನ್ನು ಕಿತ್ತರು. ತೆರಿಗೆಯೇ ಇಲ್ಲದ ಹಾಲು, ತರಕಾರಿ ಮಾರುವವರಿಗೂ ನೋಟಿಸು ಹೋಗಿತ್ತು. ಕೊನೆಗೆ ಸರಕಾರವೇ ಹಿಂದೆ ಸರಿಯಬೇಕಾಯಿತು. ಯಂತ್ರ ಸರಕಾರದ ಕಣ್ಣಾಗಿ ಮಾತ್ರ ಕೆಲಸ ಮಾಡಿದರೆ ಜನ ಅದರಿಂದ ಮುಖ ತಿರುಗಿಸುತ್ತಾರೆ.

ಕನ್ನಡದಲ್ಲಿ ಇದು ಸಾಧ್ಯವಿಲ್ಲವೆಂಬ ನೆಪವೂ ನಿಲ್ಲುವುದಿಲ್ಲ. ಈ ಶತಮಾನದ ಆರಂಭದಲ್ಲೇ 'ಭೂಮಿ' ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕನ್ನಡದಲ್ಲೇ ಕಂಪ್ಯೂಟರಿಗೆ ಏರಿಸಿತು. ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ಪಹಣಿ ಪಡೆದ ರೈತ ಅದನ್ನು ತಾನೇ ಓದಿಕೊಂಡ. ಬೆಂಗಳೂರಿನ ಕಂಪೆನಿಯ ಟ್ಯಾಲಿ ತಂತ್ರಾಂಶ 2006ರಲ್ಲೇ ಕನ್ನಡ ಕಲಿಯಿತು. ಒಂದು ಖಾಸಗಿ ಕಂಪೆನಿಗೆ ಸಾಧ್ಯವಾದದ್ದು ತೆರಿಗೆ ವಸೂಲು ಮಾಡುವ ಸರಕಾರಕ್ಕೆ ಯಾಕೆ ಅಸಾಧ್ಯ?

ನಾವು ಕೇಳುವುದು ದೊಡ್ಡದೇನಲ್ಲ. ತೆರಿಗೆಯ ಪ್ರತಿಯೊಂದು ನಮೂನೆಯೂ ಕನ್ನಡದಲ್ಲಿರಲಿ. ನೋಟಿಸು ಕಳಿಸುವ ಮುನ್ನ ಇಲಾಖೆಯವರು ಪೇಟೆಗೆ ಬಂದು ಕಲಿಸಲಿ. ಎಪಿಎಂಸಿ ಮತ್ತು ಸಹಕಾರ ಸಂಘಗಳು ಸಣ್ಣ ವ್ಯಾಪಾರಿಗಳಿಗೆಂದೇ ಒಂದು ಕಂಪ್ಯೂಟರ್, ಒಬ್ಬ ಗುಮಾಸ್ತನನ್ನು ಇಡಲಿ. ಊರಿನಲ್ಲೇ ವಾಣಿಜ್ಯ ಓದಿದ ಹುಡುಗ ಹುಡುಗಿಯರಿಗೆ ಅದರಿಂದ ಕೆಲಸವೂ ಸಿಕ್ಕೀತು. ವ್ಯಾಪಾರಿಯೂ ಒಂದು ಹೆಜ್ಜೆ ಮುಂದೆ ಬರಲಿ: ತಿಂಗಳಿಗೊಮ್ಮೆಯಾದರೂ ಸಲಹೆಗಾರರ ಪಕ್ಕದಲ್ಲಿ ಕುಳಿತು, ತನ್ನ ಹೆಸರಿನಲ್ಲಿ ಏನು ತುಂಬಲಾಗುತ್ತಿದೆಯೆಂದು ಕೇಳಿ ತಿಳಿಯಲಿ. ದಂಡ ಬಿದ್ದರೆ ಕಟ್ಟಬೇಕಾದವನು ಅವನೇ ತಾನೇ?