ಗೃಹಕಲೆ: ಮನೆಯೊಳಗಣ ಕತ್ತಲೆಕೋಣೆ

ಕ್ಯಾಮರಾದ ಫಿಲ್ಮನ್ನು ಮನೆಯಲ್ಲಿಯೇ ತೊಳೆದುಕೊಳ್ಳುವ ಹವ್ಯಾಸವು ಈಚೆಗೆ ಮತ್ತೆ ತಲೆಯೆತ್ತಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಗೃಹಸ್ಥರು ಇದಕ್ಕೆ ಕೈಹಾಕುವ ಮುನ್ನ ಒಂದು ಮಾತನ್ನು ಮನಗಾಣಬೇಕು. ಇಲ್ಲಿ ಕತ್ತಲೆ ಸುಲಭ; ತಂಪೂ ಒಳ್ಳೆಯ ನೀರೂ ಕಷ್ಟ. ಕೊಟ್ಟೂರಿನ ತೇರಿನ ದಿನ ತೆಗೆದ ಅಜ್ಜಿಯ ಚಿತ್ರವು ಬಿಸಿಯಾದ ದ್ರಾವಣದಲ್ಲಿ ಕೆಟ್ಟುಹೋದರೆ, ತೇರು ಮುಂದಿನ ವರ್ಷ ಮರಳಿ ಬಂದೀತು. ಅಜ್ಜಿಯು ಇರುವಳೆಂಬ ಭರವಸೆಯುಂಟೆ?

ಮೊದಲು ಕತ್ತಲೆಯ ವಿಚಾರ. ಹಳೆಯ ಮಾಳಿಗೆಮನೆಯ ಗೋಡೆಗಳು ದಪ್ಪ, ಕಿಟಕಿಗಳು ವಿರಳ. ಒಳಕೋಣೆಯ ಬೆಳಕಿಂಡಿಯನ್ನು ಮುಚ್ಚಿ, ಬಾಗಿಲಿಗೆ ಕರಿಯ ಕಂಬಳಿಯನ್ನು ಇಳಿಬಿಟ್ಟು, 10 ನಿಮಿಷ ಒಳಗೆ ಕುಳಿತಿರಬೇಕು. ಆಗಲೂ ಬೆಳಕಿನ ಎಳೆ ಕಾಣದಿದ್ದರೆ ಕೋಣೆಯು ಸಿದ್ಧವಾಯಿತು. ಫಿಲ್ಮನ್ನು ಸುರುಳಿಗೆ ಸುತ್ತಿ ತೊಳೆಯುವ ಡಬ್ಬಿಯೊಳಗೆ ಇಡುವಾಗ ಕೆಂಪು ದೀಪವೂ ಕೂಡದು. ಆ ದೀಪವು ಕಪ್ಪುಬಿಳುಪಿನ ಕಾಗದದ ಮೇಲೆ ಚಿತ್ರವನ್ನು ಅಚ್ಚುಮಾಡುವಾಗ ಮಾತ್ರ. ಡಬ್ಬಿಯ ಮುಚ್ಚಳವನ್ನು ಬಿಗಿದ ಮೇಲೆ ಮಿಕ್ಕ ಕೆಲಸವನ್ನು ಬೆಳಕಿನಲ್ಲಿಯೇ ಮಾಡಬಹುದು.

ಡೆವಲಪರಿಗೆ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯು ಉತ್ತಮ. ನಮ್ಮ ಬೇಸಗೆಯ ಮಧ್ಯಾಹ್ನವೋ 40ನ್ನು ಮುಟ್ಟುವುದುಂಟು. ಬಿಸಿ ದ್ರಾವಣದಲ್ಲಿ ಚಿತ್ರವು ಬೇಗನೆ ಕಪ್ಪಾಗುವುದು; ಫಿಲ್ಮಿನ ಮೇಲಣ ಜಿಲೆಟಿನ್ ಲೇಪವು ಮೆತ್ತಗಾಗಿ ಗೀರು ಬೀಳುವುದು. ಆದುದರಿಂದ ಬೆಳಗಿನ ಜಾವವನ್ನೇ ಆರಿಸಿಕೊಳ್ಳಿರಿ. ಹಿಂದಿನ ರಾತ್ರಿ ಮಣ್ಣಿನ ಗಡಿಗೆಯಲ್ಲಿ ನೀರಿಡಿರಿ. ಅದೂ ಸಾಲದಿದ್ದರೆ ದ್ರಾವಣದ ಸೀಸೆಯನ್ನು ಮಂಜುಗಡ್ಡೆಯ ನೀರಿನಲ್ಲಿ ನಿಲ್ಲಿಸಿರಿ. ಮಂಜುಗಡ್ಡೆಯನ್ನು ದ್ರಾವಣಕ್ಕೇ ಹಾಕಕೂಡದು. ಥರ್ಮಾಮೀಟರಿಲ್ಲದೆ ಈ ಕೆಲಸಕ್ಕೆ ಇಳಿಯಬಾರದೆಂದೇ ನಮ್ಮ ಅಭಿಪ್ರಾಯ.

ಇದು ಅಸಾಧ್ಯವೆಂದು ಯಾರೂ ಎದೆಗುಂದಬೇಕಾಗಿಲ್ಲ. ಇಂದು ಇದೇ ವಿಜಯನಗರ ಜಿಲ್ಲೆಗೆ ಸೇರಿರುವ ಹಂಪೆಯ ಗುಡಿಗಳನ್ನು ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿಯು 1856ರಲ್ಲಿಯೇ ಮೇಣ ಹತ್ತಿಸಿದ ಕಾಗದದ ನೆಗೆಟಿವುಗಳಲ್ಲಿ ಸೆರೆಹಿಡಿದನು. ಆಗ ವಿದ್ಯುತ್ತೂ ಇಲ್ಲ, ಫ್ರಿಜ್ಜೂ ಇಲ್ಲ. ಆ ಚಿತ್ರಗಳು ಇಂದಿಗೂ ಉಳಿದಿವೆ.

ಇನ್ನು ನೀರು. ಕೊಳವೆಬಾವಿಯ ಗಡಸು ನೀರು ಒಣಗಿದಾಗ ಫಿಲ್ಮಿನ ಮೇಲೆ ಉಪ್ಪಿನ ಬಿಳಿಯ ಕಲೆಗಳನ್ನು ಬಿಡುವುದು. ಡೆವಲಪರನ್ನು ಕಲಸಲಿಕ್ಕೂ ಕಡೆಯ ಜಾಲಾಟಕ್ಕೂ ಬಟ್ಟಿಯಿಳಿಸಿದ ನೀರನ್ನು ಬಳಸತಕ್ಕದ್ದು. ನಡುವಣ ತೊಳೆತಕ್ಕೆ ಹರಿಯುವ ನಲ್ಲಿಯೇ ಬೇಕೆಂದಿಲ್ಲ. ಫಿಕ್ಸರಿನಲ್ಲಿ ಲೇಪವನ್ನು ಗಟ್ಟಿಮಾಡುವ ವಸ್ತುವಿಲ್ಲದಿದ್ದರೆ ಇಲ್‌ಫೋರ್ಡ್ ಸಂಸ್ಥೆಯವರ ಕ್ರಮವು ಸಾಕು: ಡಬ್ಬಿಗೆ ನೀರು ತುಂಬಿ 5 ಸಲ ಬೋರಲುಮಾಡಿ ಚೆಲ್ಲುವುದು, ಹೊಸ ನೀರಿನಲ್ಲಿ 10 ಸಲ, ಮತ್ತೊಮ್ಮೆ 20 ಸಲ. ನೀರಿಗೆ ಬರವಿರುವ ನಮ್ಮ ಸೀಮೆಗೆ ಇದು ಒಪ್ಪುವ ಮಾತು. ಎರೆನೆಲದ ಧೂಳು ತಾಗದಂತೆ, ಸ್ನಾನವಾಗಿ ತೇವವಿರುವ ಬಚ್ಚಲುಮನೆಯಲ್ಲಿ ಫಿಲ್ಮನ್ನು ತೂಗುಹಾಕಿ ಬಾಗಿಲು ಮುಚ್ಚಿರಿ.

ಬಳಸಿದ ಫಿಕ್ಸರಿನಲ್ಲಿ ಕರಗಿದ ಬೆಳ್ಳಿಯಿರುವುದು. ಅದನ್ನು ಬಾವಿಯ ಬಳಿಯಲ್ಲಾಗಲಿ ಮೋರಿಗಾಗಲಿ ಚೆಲ್ಲದೆ, ಹೆಸರು ಬರೆದ ಡಬ್ಬದಲ್ಲಿ ಕೂಡಿಸಿಟ್ಟು, ಬೆಳ್ಳಿ ತೆಗೆಯುವವರಿಗೆ ಒಪ್ಪಿಸಬೇಕು. ಅಡುಗೆಯ ಪಾತ್ರೆಗಳನ್ನೂ ಶರಬತ್ತಿನ ಸೀಸೆಗಳನ್ನೂ ಈ ಕೆಲಸಕ್ಕೆ ಮುಟ್ಟಬಾರದು. ದ್ರಾವಣಗಳು ಮಕ್ಕಳ ಕೈಗೆ ಎಟುಕದ ಕಡೆಯಲ್ಲಿರಲಿ. ಕೈಗೆ ಗ್ಲವುಸು ಇರಲಿ, ಕೋಣೆಗೆ ಗಾಳಿಯಾಡಲಿ.

ಮೊದಲ ಸಲಕ್ಕೆ ಮನೆಯಂಗಳದ ಬೇವಿನ ಮರವನ್ನೋ ಎತ್ತನ್ನೋ ತೆಗೆದು, ಆ ಫಿಲ್ಮನ್ನು ತೊಳೆದು ಕೈ ಪಳಗಿಸಿಕೊಳ್ಳಿರಿ. ಅಜ್ಜಿಯ ಚಿತ್ರವು ಆಮೇಲೆ ಆಗಲಿ. ಆದರೆ ಬಹಳ ತಡಮಾಡಬೇಡಿರಿ.